ಐದು ಪೆಂಟೆ ಎರಡು ಸೇರು

ಅಕ್ಕವ್ವನನ್ನು ಗಾಡಿಯಿಂದ ಇಳಿಸಲು ಇಬ್ಬರು ಬೇಕಾದರು. ಒಂದು ತೋಳನ್ನು ಗಂಡ ಸಾತಪ್ಪ ಹಿಡಿದ, ಇನ್ನೊಂದನ್ನು ಅಣ್ಣ ವೀರಪ್ಪ. ಗಂಡನ ಊರು ದಡ್ಡಿಯಿಂದ ತವರೂರು ಗೋಕಾಕದವರೆಗೆ ಹುಲ್ಲಿನ ಮೇಲೆ ಮಲಗಿಸಿಕೊಂಡು ತಂದಿದ್ದರು. ವಿಷಮಜ್ವರ ಬಿಟ್ಟು ವಾರವಾಗಿತ್ತು. ಕೈಯ ಬಳೆಗಳು ಮೊಣಕೈವರೆಗೆ ಸರಿಯುತ್ತಿದ್ದವು.

ಅವಳ ತಂದೆ ಗುರುಲಿಂಗಪ್ಪನದು ಬೆಲ್ಲದ ವ್ಯಾಪಾರ. ಮುಂದೆ ಅಂಗಡಿ, ಹಿಂದೆ ಮನೆ. ಅಂಗಡಿಯ ನಡುವೆ ತೊಲೆಯಿಂದ ಇಳಿಬಿಟ್ಟ ದೊಡ್ಡ ತಕ್ಕಡಿ. ಅದರ ಬಳಿ ಬಂದಾಗ ಅಕ್ಕವ್ವನಿಗೆ ಕಣ್ಣು ಕತ್ತಲೆಯಾಯಿತು. ಹತ್ತಿರ ಸಿಕ್ಕ ಪರಡಿಯ, ಅಂದರೆ ತಕ್ಕಡಿ ತಟ್ಟೆಯ, ಮೇಲೆಯೇ ಕುಸಿದು ಕೂತಳು. ಎದುರಿನ ಪರಡಿಯಲ್ಲಿ ನಾಲ್ಕು ಪೆಂಟೆ, ಅಂದರೆ ನಾಲ್ಕು ದೊಡ್ಡ ಅಚ್ಚು, ಬೆಲ್ಲವಿತ್ತು. ಅದು ನೆಲ ಬಿಟ್ಟು ಏಳಲಿಲ್ಲ.

ಗುರುಲಿಂಗಪ್ಪ ಒಂದು ಪೆಂಟೆ ತೆಗೆದ. ಬೆಲ್ಲದ ಪರಡಿ ಮೇಲೆ ಹೋಯಿತು. ಅದಕ್ಕೆ ಸೇರಿನ ಕಲ್ಲುಗಳನ್ನು ಒಂದೊಂದಾಗಿ ಇಟ್ಟ. ಮುಳ್ಳು ನಿಂತಿತು.

"ಮೂರ ಪೆಂಟಿ ಎಂಟ ಸೇರ," ಅಂದ.

ಹತ್ತು ಸೇರಿಗೆ ಒಂದು ಪೆಂಟೆ. ಐದು ವರ್ಷದ ಹಿಂದೆ ಮದುವೆಯ ದಿನ ಇದೇ ಮಗಳನ್ನು ಮಠದಲ್ಲಿ ಕೂಡಿಸಿ ಬೆಲ್ಲದ ತುಲಾಭಾರ ಮಾಡಿಸಿದ್ದ. ಅವಳು ಕೂಸಾಗಿದ್ದಾಗ ಹೊತ್ತ ಹರಕೆ ಅದು. ಆಗ ಐದು ಪೆಂಟೆ ಎರಡು ಸೇರು ತೂಗಿದ್ದಳು. ಆ ಬೆಲ್ಲವನ್ನು ಎರಡೂ ಊರಿನಲ್ಲಿ ಹಂಚಿದ್ದರು. ಅಂದಿನಿಂದ ದಡ್ಡಿಯಲ್ಲಿ ಅವಳಿಗೆ ಐದು ಪೆಂಟಿ ಸೊಸಿ ಎಂದೇ ಹೆಸರು.

ಅತ್ತೆ ಕೆಂಚವ್ವ ಗಾಡಿಯ ಜೊತೆಗೇ ಬಂದಿದ್ದಳು. ಕಟ್ಟೆಯ ಮೇಲೆ ಕೂತು, ಕೊಟ್ಟ ನೀರು ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡಳು.

"ಬೀಗ್ರ, ನಾವೇನ ಕಡಿಮಿ ನೋಡಿಲ್ಲ. ಜ್ವರಾ ತಿಂದ ಹಾಕೇತಿ ಆಕೀನ. ಕೂಸು ನನ್ನ ಕಡೆ ಇರ್ಲಿ. ನೀವ ನಾಕ ದಿನಾ ಇಟಗೊಂಡ ಕಳಸ್ರಿ."

"ನಾಕ ದಿನದಾಗ ಏನ ಆಕ್ಕೈತಿ?"

"ಹಂಗಾರ ದೀಪಾವಳಿ ಮುಂದ ಕಬ್ಬಿನ ಗಾಣಾ ಹೂಡತೇವಿ. ಅಷ್ಟೊತ್ತಿಗಿ ಮನಿಗಿ ಹೆಣಮಗಳು ಬೇಕರಿ. ಹದಿನೈದ ಆಳಿಗೆ ರೊಟ್ಟಿ ಬಡಿಯೂದ ನನ್ನ ಕೈಲೆ ಆಗೂದಿಲ್ಲ. ನಮ್ಮ ಅಣ್ಣ ಬ್ಯಾರೆ ಹೇಳಾಕತ್ತಾನ, ನನ್ನ ಮಗಳ್ನ ಕರಕೊಂಡ ಹೋಗ ಅಂತ."

ಅಣ್ಣನ ಮಗಳನ್ನು ಯಾಕೆ ಕರೆದುಕೊಂಡು ಹೋಗುತ್ತಾರೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಸಾತಪ್ಪ ಎತ್ತಿನ ಹಗ್ಗ ಬಿಚ್ಚುತ್ತಿದ್ದ, ತಲೆ ಎತ್ತಲಿಲ್ಲ.

ಗುರುಲಿಂಗಪ್ಪನ ಮುಖ ಕೆಂಪಾಯಿತು. "ಬೀಗತಿ, ಕೇಳ್ರಿ. ಅವತ್ತ ಹೆಂಗ ಕೊಟ್ಟಿದ್ನಿ, ಹಂಗ ತಂದ ಒಪ್ಪಸ್ತೇನಿ. ಐದ ಪೆಂಟಿ ಎರಡ ಸೇರ. ಒಂದ ಸೇರ ಕಡಿಮಿ ಇದ್ರ ಕಳಸೂದಿಲ್ಲ. ಇದು ನನ್ನ ಮಾತು."

"ಆತ್ರಿ," ಅಂದಳು ಕೆಂಚವ್ವ. "ನಿಮ್ಮ ಮಾತ ಪ್ಯಾಟ್ಯಾಗ ನಡೀತೈತಿ. ನಾ ಯಾಕ ಬ್ಯಾಡ ಅನ್ನಲಿ."

ಪರಡಿಯ ಮೇಲೆ ಕೂತೇ ಇದ್ದ ಅಕ್ಕವ್ವನನ್ನು ಯಾರೂ ಕೇಳಲಿಲ್ಲ. ಅವಳು ಮೂರು ವರ್ಷದ ಮಗಳು ಗಂಗಿ ಗಾಡಿಯ ಹಿಂದೆ ಓಡಿಬಂದಿದ್ದನ್ನು ಯೋಚಿಸುತ್ತಿದ್ದಳು.

ಮರುದಿನದಿಂದ ಮನೆಯಲ್ಲಿ ಒಂದೇ ಕೆಲಸ. ತಾಯಿ ಬಾಳವ್ವ ಬೆಳಿಗ್ಗೆ ಹಾಲು ಕೊಟ್ಟಳು, ಮೇಲೆ ಅಂಟಿನ ಉಂಡಿ. ಮಧ್ಯಾಹ್ನ ತುಪ್ಪ ಸುರಿದ ಸಜ್ಜಕ. ಸಂಜೆಗೆ ಉತ್ತತ್ತಿ ಅರೆದ ಹಾಲು. ಊಟದ ನಡುವೆ ಇನ್ನೊಂದು ಊಟ. ಪೇಟೆಯ ಡಾಕ್ಟರರು ಬಂದು ನೋಡಿ, ಮೊದಲು ತೆಳ್ಳಗಿನ ಗಂಜಿ, ಆಮೇಲೆ ಹಗುರ ಊಟ, ದಿನಾ ಸ್ವಲ್ಪ ನಡೆದಾಟ ಎಂದು ಹೇಳಿ ಹೋದರು.

"ನಡದ್ರ ತೂಕಾ ಇಳೀತೈತಿ," ಅಂದ ಗುರುಲಿಂಗಪ್ಪ. ನಡೆದಾಟ ನಿಂತಿತು. ಗಂಜಿಯ ಮೇಲೆ ತುಪ್ಪ ಬಿತ್ತು.

ದಿನಾ ಬೆಳಿಗ್ಗೆ ಗಿರಾಕಿ ಬರುವ ಮೊದಲು ಅಕ್ಕವ್ವ ಪರಡಿಯಲ್ಲಿ ಹಾಕಿದ ಮಣೆ, ಗೋಣಿಯ ಮೇಲೆ ಕೂಡಬೇಕು. ತಂದೆ ತೂಗುತ್ತಿದ್ದ. ಅವನು ವಸೂಲಿಗೆ ಹೋದ ದಿನ ವೀರಪ್ಪ ತೂಗುತ್ತಿದ್ದ. ಮುಳ್ಳು ನಿಂತ ಕಡೆ ಆ ದಿನದ ಮನೆಯೂ ನಿಲ್ಲುತ್ತಿತ್ತು. ಒಂದು ಸೇರು ಏರಿದರೆ ಗುರುಲಿಂಗಪ್ಪ ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದ. ಇಳಿದರೆ ಝುಣಕದಲ್ಲಿ ಉಪ್ಪಿಲ್ಲ ಎನ್ನುತ್ತಿದ್ದ.

"ಉಪ್ಪ ಐತಿ. ನಿಮ್ಮ ಬಾಯಾಗ ತಕ್ಕಡಿ ಕುಂತೇತಿ," ಎನ್ನುತ್ತಿದ್ದಳು ಬಾಳವ್ವ.

"ನೀ ಸರಿಯಾಗಿ ತಿನಸಿದ್ರ ಯಾಕ ಇಳೀತಿತ್ತ?"

"ತಿನ್ನೂದು ಆಕಿ ಹೊಟ್ಟಿ. ನಿಮ್ಮ ಗ್ವಾಡೌನ ಅಲ್ಲ, ಬೇಕಾದಷ್ಟ ಒಟ್ಟಾಕ."

ಅಕ್ಕವ್ವ ಉಂಡಿಯನ್ನು ಕೈಯಲ್ಲಿ ಹಿಡಿದು ಕೂಡುತ್ತಿದ್ದಳು. ಮೊದಮೊದಲು ತಾನೇ ಹೆಚ್ಚು ಆತುರಪಟ್ಟಳು. ತೂಗುವ ಮೊದಲು ತಂಬಿಗೆ ತುಂಬ ನೀರು ಕುಡಿಯುತ್ತಿದ್ದಳು. ಒಂದು ದಿನ ಸೀರೆಯೊಳಗೆ ಅಜ್ಜಿಯ ಬೆಳ್ಳಿ ಡಾಬು ಕಟ್ಟಿಕೊಂಡು ಕೂತಳು. ತಂದೆ ಒಂದು ಸೇರು ಏರಿತೆಂದು ಬೀದಿಗೆಲ್ಲ ಹೇಳಿದ. ಎದ್ದು ಒಳಗೆ ಬರುವಾಗ ಡಾಬು ಜಾರಿ ಅಡುಗೆಮನೆಯ ಹೊಸ್ತಿಲ ಮೇಲೆ ಬಿತ್ತು.

ಅಜ್ಜಿ ಭರಮವ್ವ ಗೋಡೆಗೆ ಒರಗಿ ಕೂತಿದ್ದಳು. ಗುರುಲಿಂಗಪ್ಪನ ತಾಯಿ. ಹಲ್ಲು ಕಡಿಮೆ, ಕಿವಿ ಚೆನ್ನಾಗಿತ್ತು.

"ನನ್ನ ಡಾಬಿಗಿ ಯಾವಾಗ ಜ್ವರಾ ಬಂದಿತ್ತಬೇ?" ಅಂದಳು. "ಅದನೂ ಜ್ವಾಪಾನ ಮಾಡಾಕತ್ತೀಯಲ್ಲ."

"ಆಯಿ, ಅಪ್ಪಗ ಹೇಳಬ್ಯಾಡ."

"ನಾ ಯಾಕ ಹೇಳಲಿ. ಡಾಬು ತಗೊಂಡ ದಡ್ಡಿಗಿ ಹೋಗ. ರೊಟ್ಟಿ ಬಡೀತೈತಿ ಅದು."

ಅಕ್ಕವ್ವ ನಕ್ಕಳು. ಊರಿಗೆ ಬಂದ ಮೇಲೆ ಮೊದಲ ಸಲ. ಡಾಬನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟಳು. ಮತ್ತೆ ತೆಗೆಯಲಿಲ್ಲ.

ಗಣೇಶ ಚೌತಿಯ ಹೊತ್ತಿಗೆ ತೂಕ ಗೊಂದಲಕ್ಕೆ ಬಿತ್ತು. ಒಂದು ದಿನ ನಾಲ್ಕು ಪೆಂಟೆ ನಾಲ್ಕು ಸೇರು. ಮರುದಿನ ನಾಲ್ಕು ಪೆಂಟೆಗೆ ಕಷ್ಟಪಟ್ಟು ನಿಂತಿತು. ಅದರ ಮರುದಿನ ಮತ್ತೆ ಏರಿತು, ಮತ್ತೆ ಇಳಿಯಿತು. ಇಳಿದ ದಿನ ಬಾಳವ್ವ ಅತ್ತು, ದೃಷ್ಟಿ ತೆಗೆದು, ಎಮ್ಮೆಯ ಗಿಣ್ಣದ ಹಾಲು ತರಿಸಿ ಕುಡಿಸಿದಳು. ಅಕ್ಕವ್ವನಿಗೆ ವಾಂತಿಯಾಯಿತು. ಹೊಟ್ಟೆ ಎರಡು ದಿನ ಕೆಟ್ಟಿತು.

ಮೂರನೆಯ ದಿನ ಅವಳು ಹಾಲಿನ ಲೋಟ ತಳ್ಳಿದಳು.

"ಯವ್ವಾ, ಇನ್ನ ನನಗ ಹಸಿವಿ ಆದಾಗ ಕೇಳತೇನಿ. ಕೇಳಿದಾಗ ಕೊಡು."

"ಕೇಳ್ಲಿಲ್ಲಂದ್ರ?"

"ಕೇಳ್ತೇನಿ. ಎರಡ ರೊಟ್ಟಿ, ಪುಂಡಿಪಲ್ಯ, ಮಜ್ಜಿಗಿ. ಉಂಡಿ ಬ್ಯಾಡ."

"ಪುಂಡಿಪಲ್ಯಾದಾಗ ಏನ ತೂಕಾ ಐತಿ?"

"ಬಾಯಿಗೆ ರುಚಿ ಐತಿ. ಕೊಡು."

ಅವತ್ತು ಅವಳು ಪಕ್ಕದ ಬಾವಿಯಿಂದ ಒಂದು ಸಣ್ಣ ಕೊಡ ನೀರು ತಂದಳು. ಹೋಗುವಾಗ ಒಂದು ಸಲ, ಬರುವಾಗ ಮೂರು ಸಲ ನಿಂತಳು. ಎದುರು ಮನೆಯಲ್ಲಿ ಬಳೆ ವ್ಯಾಪಾರದ ಶರೀಫಾಬಿ ಕಟ್ಟೆಯ ಮೇಲೆ ಕೂತಿದ್ದಳು.

"ಬಾ ಬೇಟಿ, ಕೂಡು. ಕೊಡಾ ಎಲ್ಲಿಗೂ ಓಡಿ ಹೋಗೂದಿಲ್ಲ."

"ಕುಂತ್ರ ಏಳಾಕ ಆಗೂದಿಲ್ಲ ಕಾಕೂ. ನಿಂತ ಹೋಗತೇನಿ."

"ನಿನ್ನ ಕೈಗಿ ಸಣ್ಣ ಹುಡುಗೀರ ಬಳಿ ಹಾಕಲೇನು? ಇವು ಉದರತಾವ."

"ಬ್ಯಾಡ. ಇವ ಇರ್ಲಿ. ಎಲ್ಲೀತನಾ ಸರೀತಾವ ನೋಡೂಣು."

ಅಜ್ಜಿ ಬೀಸುವ ಕಲ್ಲಿನ ಮುಂದೆ ಅವಳಿಗೂ ಜಾಗ ಕೊಟ್ಟಳು. ಗೂಟವನ್ನು ಇಬ್ಬರೂ ಹಿಡಿದರು. ಭರಮವ್ವ ಹಾಡು ಎತ್ತಿದಳು. ಅಕ್ಕವ್ವ ಜೊತೆಗೆ ಹೇಳಲು ಹೋಗಿ ಎರಡನೆಯ ನುಡಿಗೇ ಉಸಿರು ಕಟ್ಟಿ ನಿಂತಳು.

"ಹಾಡು ಬಿಟ್ಟ ಬೀಸಲೇನ ಆಯಿ?"

"ಬಿಡಬ್ಯಾಡ. ಹಾಡಾಕ ಆಗದಷ್ಟ ಬೀಸಬಾರದು. ಎಷ್ಟಾಕ್ಕೈತಿ ಅಷ್ಟ ಬೀಸು. ಸಾಕಾದ್ರ ಕೈ ತಗಿ. ನಾಳೆ ಇಲ್ಲೇ ಇರತೈತಿ ಕಲ್ಲು."

ಹೀಗೆ ದಿನ ಹೋದವು. ಎರಡು ನುಡಿಯ ಮೇಲೆ ಇನ್ನೊಂದು ನುಡಿ ಏರಿತು. ಕೆಲವು ದಿನ ಏರಿದ್ದು ಇಳಿಯಿತು. ಇಳಿದ ದಿನ ಅಜ್ಜಿ ಏನೂ ಅನ್ನಲಿಲ್ಲ, ಮೊಮ್ಮಗಳೂ ಅಳಲಿಲ್ಲ. ನಿದ್ದೆ ಸರಿಯಾಗದ ಮರುದಿನ ಹಾಗೆಯೇ ಆಗುತ್ತದೆಂದು ಅವಳಿಗೆ ತಿಳಿಯತೊಡಗಿತು. ಬಾವಿಯ ದಾರಿಯಲ್ಲಿ ನಿಲ್ಲುವುದು ಕಡಿಮೆಯಾಯಿತು. ಒಂದು ಬೆಳಿಗ್ಗೆ ನಿಲ್ಲದೆಯೇ ಬಂದಳು. ಶರೀಫಾಬಿ ಕಟ್ಟೆಯಿಂದ ಕೂಗಿ, "ಇವತ್ತ ನನ್ನ ಕೂಡ ಮಾತಾಡಲಿಲ್ಲ ನೀನು, ಸೊಕ್ಕ ಬಂತು," ಅಂದಳು.

ಅದೇ ಬೆಳಿಗ್ಗೆ ತಂದೆ ತೂಗಿ, "ಮೂರ ಸೇರ ಇಳದೈತಿ," ಅಂದ.

ಅಕ್ಕವ್ವ ಪರಡಿಯಿಂದ ಏಳಲಿಲ್ಲ. "ನಿನ್ನೆ ಯಾರ ತೂಗಿದ್ರು?"

"ವೀರಪ್ಪ."

"ಮೊನ್ನೆ ಇಳದಿತ್ತಲ್ಲ, ಅವತ್ತ?"

"ನಾನು."

"ಅಣ್ಣಾ, ಇಲ್ಲಿ ಬಾ. ಅಪ್ಪನ ಮುಂದ ಒಮ್ಮಿ ತೂಗು."

ವೀರಪ್ಪ ಬಂದು ತೂಗಿದ. ಅದೇ ಮಗಳು, ಅದೇ ಸೀರೆ, ಅದೇ ಗಳಿಗೆ. ನಾಲ್ಕು ಪೆಂಟೆ ಏಳು ಸೇರು. ಗುರುಲಿಂಗಪ್ಪ ಮತ್ತೆ ತೂಗಿದ. ನಾಲ್ಕು ಪೆಂಟೆ ಮೂರು ಸೇರು.

"ನಿನ್ನ ಕೈಯಾಗ ದೋಷ ಐತಿ," ಅಂದ ತಂದೆ.

"ನನ್ನ ಕೈಯಾಗ ಯಾಕ ಇರ್ಲಿ? ಆಕಿ ಕುಂತ ಮಣೀನೂ ಗೋಣೀನೂ ಹಿಡದ ತೂಗೇನಿ. ಮಾರೂ ಮಾಲು ಹಂಗ ತೂಗೂದ. ನೀವ ಏನ ಮಾಡಿದ್ರಿ ಈಗ? ಮಣಿ, ಗೋಣಿ ಎರಡೂ ಕಳದ್ರಿ. ಆಮ್ಯಾಲ ಸುಮ್ಮನ ಎರಡ ಸೇರ ಬಿಟ್ರಿ."

ಗುರುಲಿಂಗಪ್ಪ ಕೈಯಲ್ಲಿದ್ದ ಎರಡು ಸೇರಿನ ಕಲ್ಲನ್ನು ನೋಡಿದ. ರೈತರಿಂದ ಬೆಲ್ಲ ಕೊಳ್ಳುವಾಗ ತೇವಕ್ಕೆಂದು ತೂಕದಲ್ಲಿ ಸ್ವಲ್ಪ ಕಳೆಯುವುದು ಪೇಟೆಯ ರೂಢಿ. ಅದಕ್ಕೆ ಸೂಟು ಎನ್ನುತ್ತಾರೆ. ಮೂವತ್ತು ವರ್ಷ ಸೂಟು ಕಳೆದ ಕೈ. ಅದು ಯಾರನ್ನೂ ಕೇಳಿರಲಿಲ್ಲ.

"ಸೂಟು ಬಿಟ್ಟಿರೇನ ನನಗ?" ಅಂದಳು ಅಕ್ಕವ್ವ.

ಒಳಗಿನಿಂದ ಬಾಳವ್ವ ಹಿಟ್ಟಿನ ಕೈಯಲ್ಲೇ ಬಂದಳು. "ಅಂದ್ರ ಇಷ್ಟ ದಿನಾ ಮಗಾ ಮಾರ್ಯಾನ, ಅಪ್ಪ ಕೊಂಡಾನ. ನಡಬರಕ ನಾ ಅತ್ತ ಸತ್ತೇನಿ."

"ಬಾಯಿ ಮುಚ್ಚ. ಗಿರಾಕಿ ಕೇಳತಾರ."

"ಕೇಳ್ಲಿ. ಮಗಳಿಗೂ ಸೂಟು ಕಳಿಯಾಂವ ಅಂತ ರೈತರಿಗೆಲ್ಲ ತಿಳೀಲಿ."

ವೀರಪ್ಪ ನಗು ತಡೆಯಲು ಹೊರಗೆ ಹೋದ.

ಅಕ್ಕವ್ವ ಎದ್ದು ನಿಂತಳು. "ಅಪ್ಪಾ, ಇನ್ನ ದಿನಾ ಬ್ಯಾಡ. ವಾರಕ್ಕೊಮ್ಮಿ, ಸಂತಿ ದಿನಾ ಮುಂಜಾನೆ, ಉಣ್ಣೂಕಿಂತ ಮೊದ್ಲ. ಇದ ಸೀರಿ. ಮಣಿ, ಗೋಣಿ ಕಳದ ಬಿಡೂದು, ಸೂಟು ಇಲ್ಲ. ಕಲ್ಲ ನಾನ ಇಡಸ್ತೇನಿ."

"ನಡೂವ ಇಳದ್ರ ಹೆಂಗ ತಿಳೀತೈತಿ?"

"ನನಗ ತಿಳೀತೈತಿ. ಬಾವಿ ದಾರ್ಯಾಗ ತಿಳೀತೈತಿ, ಕಲ್ಲಿನ ಮುಂದ ತಿಳೀತೈತಿ. ತಕ್ಕಡಿ ಹೇಳೂದ ಒಂದು ಮಾತು ಅಷ್ಟ. ಅದನ್ನೂ ಕೇಳೂಣು. ಬರೇ ಅದೊಂದನ್ನ ಯಾಕ ಕೇಳೂದು?"

ಮರುದಿನ ಬೆಳಿಗ್ಗೆ ಗುರುಲಿಂಗಪ್ಪ ತಕ್ಕಡಿಯ ಬಳಿ ಕಾಯುತ್ತ ನಿಂತಾಗ ಅಕ್ಕವ್ವ ಕೊಡ ಹಿಡಿದು ಅವನ ಬಾಜೂ ದಾಟಿ ಹೋದಳು. ಅವನು ತಡೆಯಲಿಲ್ಲ.

ಸಂತೆಯಿಂದ ಸಂತೆಗೆ ಮುಳ್ಳು ಸ್ವಲ್ಪ ಸ್ವಲ್ಪ ಏರಿತು. ಅರ್ಧ ಸೇರು, ಒಮ್ಮೊಮ್ಮೆ ಅದೂ ಇಲ್ಲ. ಮನೆಯಲ್ಲಿ ಊಟ ಊಟದಂತೆ ಆಯಿತು. ಬಾಳವ್ವ ಸಂತೆಯ ದಿನ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಉಳಿದ ದಿನ ಮಗಳು ರೊಟ್ಟಿ ಬಡಿಯುವ ಸದ್ದು ಕೇಳುತ್ತಿದ್ದಳು. ಮೊದಲು ಎರಡು ರೊಟ್ಟಿ ಬಡಿದು ಕೈ ಕೊಡವುತ್ತಿದ್ದವಳು ಈಗ ಮನೆಯವರಿಗೆಲ್ಲ ಬಡಿದು, ಒಲೆ ಸಾರಿಸಿ ಏಳುತ್ತಿದ್ದಳು.

ದೀಪಾವಳಿ ಹತ್ತಿರ ಬಂತು. ದಡ್ಡಿಯ ಗಾಡಿಯವನೊಬ್ಬ ಅಂಗಡಿಗೆ ಬಂದು, ಬರುವ ಸಂತೆಗೆ ಬೀಗತಿ ಬರುತ್ತಾಳೆಂದು ಹೇಳಿ ಹೋದ.

ಆ ರಾತ್ರಿ ಊಟದಲ್ಲಿ ಗುರುಲಿಂಗಪ್ಪ ತುತ್ತು ಕೈಯಲ್ಲೇ ಹಿಡಿದು ಕೂತ. "ನಾಕ ಪೆಂಟಿ ಏಳ ಸೇರ ಅದಿ. ಐದ ಸೇರ ಕಡಿಮಿ. ಬರಬ್ಯಾಡ್ರಿ, ಸಂಕ್ರಾಂತಿಗಿ ಬರ್ರಿ ಅಂತ ಹೇಳಿ ಕಳಸ್ತೇನಿ."

"ಸಂಕ್ರಾಂತೀತನಾ ಗಾಣಾ ಅರ್ಧಾ ಮುಗದಿರತೈತಿ," ಅಂದಳು ಅಕ್ಕವ್ವ. "ಅಷ್ಟೊತ್ತಿಗಿ ಅವರಣ್ಣನ ಮಗಳು ನನ್ನ ಒಲಿ ಮುಂದ ಕುಂತಿರತಾಳ. ನನ್ನ ಗಂಗಿ ಆಕೀನ್ನ ಅವ್ವಾ ಅಂತಿರತೈತಿ."

"ನಾ ಮಾತ ಕೊಟ್ಟೇನಿ."

"ನೀವ ಕೊಟ್ರಿ. ನನ್ನ ಕೇಳಿ ಕೊಟ್ರೇನು?"

"ಅಕ್ಕವ್ವಾ," ಎಂದು ಬಾಳವ್ವ ಎಚ್ಚರಿಸಿದಳು.

"ಇಲ್ಲ ಯವ್ವಾ, ಹೇಳತೇನಿ. ಕಲ್ಲಿನ ಮುಂದ ಕುಂತ್ರ ಆಯಿ ಸುಸ್ತಾಗಿ ಕೈ ಬಿಡತಾಳ, ನಾ ಬಿಡೂದಿಲ್ಲ. ನಾ ಹೋಗಾಕ ಆಗತೈತಿ ಅಂತ ನನಗ ಗೊತ್ತೈತಿ. ಸಂತಿ ದಿನಾ ಅತ್ತಿ ಮುಂದ ತೂಗ್ರಿ. ಎಷ್ಟೈತಿ ಅಷ್ಟ ಹೇಳ್ರಿ. ಅದಕ್ಕ ನಾ ಅಂಜೂದಿಲ್ಲ. ಆದ್ರ ಗಾಡಿ ಹೊಂಟ್ರ ನಾ ಹತ್ತಾಕಿ."

ಭರಮವ್ವ ಮಜ್ಜಿಗೆಯಲ್ಲಿ ರೊಟ್ಟಿ ನೆನೆಸುತ್ತಿದ್ದಳು. "ನಾ ಕೈ ಬಿಡೂದು ಖರೆ," ಅಂದಳು. "ಈ ಹುಡುಗಿ ಸಲುವಾಗಿ ನನಗ ಉಂಡಿ ಮಾಡಿ ಕೊಡಬೇಕಾಗೇತಿ."

ಸಂತೆಯ ದಿನ ಕೆಂಚವ್ವ ಮಗನ ಜೊತೆ ಬಂದಳು. ಗಾಡಿಯಿಂದ ಇಳಿದು ತಲೆಯ ಮೇಲೆ ಬುಟ್ಟಿ ಹೊತ್ತುಕೊಂಡಳು. ಒಳಗೆ ಹೊಸ ಜೋಳ, ಶೇಂಗಾ, ಮೇಲೊಂದು ಕುಂಬಳಕಾಯಿ. ಅಕ್ಕವ್ವ ಹೊರಗೆ ಬಂದವಳು ಮಾತಿಗೆ ಮೊದಲು ಆ ಬುಟ್ಟಿಯನ್ನು ಇಳಿಸಿ ಸೊಂಟಕ್ಕಿಟ್ಟುಕೊಂಡು ಒಳಗೆ ನಡೆದಳು. ಸಾತಪ್ಪ ಈ ಸಲ ಹಗ್ಗ ಬಿಚ್ಚುವುದನ್ನು ಬಿಟ್ಟು ನೋಡಿದ.

"ಗಂಗಿ ಹೆಂಗದಾಳ?" ಎಂದು ಒಳಗಿನಿಂದಲೇ ಕೇಳಿದಳು.

"ನಿನ್ನ ಹಳೇ ಸೀರಿ ಹೊತಗೊಂಡ ಮಲಗತಾಳ," ಅಂದ ಸಾತಪ್ಪ. "ಬ್ಯಾರೇದ ಕೊಟ್ರ ಒದರತಾಳ."

ಗುರುಲಿಂಗಪ್ಪ ಗಂಟಲು ಸರಿಮಾಡಿಕೊಂಡ. "ಬೀಗತಿ, ಮಾತ ಅಂದ್ರ ಮಾತು. ನಿಮ್ಮ ಮುಂದ ತೂಗತೇನಿ."

ಅಕ್ಕವ್ವ ಬಂದು ಕೂತಳು. ಮಣೆ, ಗೋಣಿ ಕಳೆದರು. ಕಲ್ಲು ಇಡಿಸಿದಳು. ನಾಲ್ಕು ಪೆಂಟೆ ಏಳೂವರೆ ಸೇರು. ಗುರುಲಿಂಗಪ್ಪ ಅದನ್ನು ಜೋರಾಗಿ ಹೇಳಲಾರದೆ ಹೇಳಿದ. ಅಂಗಡಿಯ ಮುಂದೆ ಸಂತೆಯ ಜನ ನಿಂತಿದ್ದರು.

"ನಾಕೂವರಿ ಸೇರ ಕಡಿಮಿ," ಅಂದ. "ನನ್ನ ಮಾತ ನಡೀಲಿಲ್ಲ. ನೀವ ಏನ ಅಂತೀರಿ ಅನ್ರಿ."

ಕೆಂಚವ್ವ ಏನಾದರೂ ಅನ್ನುವ ಮೊದಲು ಅಕ್ಕವ್ವ ಪರಡಿಯ ಮೇಲಿಂದಲೇ ಕೇಳಿದಳು.

"ಅತ್ತಿ, ಲಗ್ನದಾಗ ಮಠದಾಗ ತೂಗಿದ್ರಲ್ಲ. ಅದಕಿಂತ ಮೊದ್ಲ ನನಗ ಉಡಿ ತುಂಬಿದವರ ಯಾರು?"

"ನಾನ ತುಂಬಿದ್ನಿ. ಅತ್ತಿ ಅಲ್ಲದ ಮತ್ಯಾರ ತುಂಬತಾರ?"

"ಏನೇನ ಹಾಕಿದ್ರಿ?"

"ನಾ ಕೈ ಹಿಡಿದ ಹಾಕಾಕಿ ಅಲ್ಲ. ಐದ ಸೇರ ಅಕ್ಕಿ, ಐದ ತೆಂಗಿನಕಾಯಿ, ಉತ್ತತ್ತಿ, ಅಡಕಿ, ಅರಿಷಿಣ ಕೊಂಬು. ಸೆರಗ ಹರೀತೈತಿ ಅಂತ ನಿಮ್ಮವ್ವ ಗಂಟ ಹಾಕಿದ್ಲು."

"ಹೌದು. ಎದ್ದ ನಿಂದ್ರಾಕ ಆಗವಲ್ಲದ ನಾ ಅತ್ತಿದ್ನಿ. ಆ ಉಡಿ ಬಿಚ್ಚಿ ತೂಗಿದ್ರೇನು?"

ಕೆಂಚವ್ವ ಬೀಗರ ಕಡೆ ತಿರುಗಿದಳು.

"ತುಂಬಿದ ಉಡಿ ಬಿಚ್ಚಾಕ ಬರೂದಿಲ್ಲ," ಎಂದು ಒಳಗಿನಿಂದ ಭರಮವ್ವ ಹೇಳಿದಳು. "ಉಡಿ ಸಮೇತ ಕೂಡಿಸಿದ್ವಿ. ನನ್ನ ಡಾಬೂ ಇತ್ತು."

ಗುರುಲಿಂಗಪ್ಪ ಬೆರಳು ಮಡಿಸಿ ಅಕ್ಕಿ, ಕಾಯಿ, ಡಾಬು ಕಳೆದ; ಇವತ್ತಿನ ತೂಕಕ್ಕಿಂತ ಅವತ್ತಿನದೇ ಕಡಿಮೆ ಬಂತು. ಆಮೇಲೆ ಕೆಂಚವ್ವನಿಗೆ ನಗು ಬಂತು. ಕಟ್ಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಬೀಗ್ರ, ನನ್ನ ಅಕ್ಕೀನೂ ನನ್ನ ಕಾಯೀನೂ ನಿಮ್ಮ ಮಗಳಂತ ತೂಗಿ ಊರಿಗಿ ಹಂಚೀರಿ. ಐದ ವರ್ಸ ನಮ್ಮ ಊರಾಗ ಐದ ಪೆಂಟಿ ಸೊಸಿ ಅಂತ ಸೊಕ್ಕ ಮಾಡೇನಿ ನಾನು."

ಗುರುಲಿಂಗಪ್ಪ ಹಣೆ ಒರೆಸಿಕೊಂಡ. "ಅವತ್ತ ಖುಷ್ಯಾಗ ನೆನಪಾಗಲಿಲ್ಲರಿ."

"ಗೋಣಿ ಕಳೀಲಿಲ್ಲ ನೀವು," ಅಂದ ವೀರಪ್ಪ. "ನನಗ ಅಂತಿದ್ರಿ."

ಕೆಂಚವ್ವ ಎದ್ದು ಸೊಸೆಯ ತೋಳನ್ನು ಒತ್ತಿ ನೋಡಿದಳು. ಬಳೆಗಳು ಮಣಿಕಟ್ಟಿನಿಂದ ಎರಡು ಬೆರಳು ಸರಿದು ನಿಂತವು. "ನನ್ನ ಬುಟ್ಟಿ ಇಳಿಸಿಕೊಂಡಾಗಲೇ ತಿಳೀತು ನನಗ," ಅಂದಳು. "ನಿಮ್ಮಪ್ಪ ತೂಗತೇನಿ ಅಂದ್ರು, ಹಿರೇರ ಮಾತಂತ ಸುಮ್ಮನಿದ್ನಿ. ಹದಿನೈದ ಆಳಿನ ರೊಟ್ಟಿ, ಆಕ್ಕೈತಿ?"

"ಮೊದಲ ವಾರ ಒಬ್ಬಾಕಿ ಕೈಲೆ ಆಗೂದಿಲ್ಲರಿ. ನೀವ ಬೇಯಸ್ರಿ, ನಾ ಬಡೀತೇನಿ. ಸುಸ್ತಾದ್ರ ಹೇಳತೇನಿ. ಹೇಳಿದಾಗ ಕೂಡಾಕ ಬಿಡಬೇಕು."

"ಕರಾರ ಮಾಡತಾಳ ನೋಡ್ರಿ ವ್ಯಾಪಾರಿ ಮಗಳು."

"ಬಿಡತೇವಿ," ಅಂದ ಸಾತಪ್ಪ. ತಾಯಿ ಅವನ ಕಡೆ ತಿರುಗಿ ನೋಡಿದಳು. ಅವನು ಮತ್ತೆ, "ಬಿಡತೇವಿ, ಮಾವನ ಮಗಳು ಬ್ಯಾಡ ನಮಗ," ಅಂದ.

"ಆಕಿ ಬಂದಿದ್ರಲ್ಲ ಬ್ಯಾಡ ಅನ್ನಾಕ," ಎಂದು ಕೆಂಚವ್ವ ಗೊಣಗಿದಳು. ಅಷ್ಟಕ್ಕೆ ಆ ಮಾತು ಮುಗಿಯಿತು.

ಮಧ್ಯಾಹ್ನ ಎಲ್ಲರೂ ಉಂಡರು. ಅಕ್ಕವ್ವ ಬಡಿದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಅವಳು ಕೊನೆಗೆ ಕೂತು ಮೂರು ರೊಟ್ಟಿ ತಿಂದಳು. ನಾಲ್ಕನೆಯದನ್ನು ಬಾಳವ್ವ ಕೈಯಲ್ಲಿ ಹಿಡಿದು ಬಂದು, ಮಗಳ ಮುಖ ನೋಡಿ, ತಾನೇ ಮುರಿದು ತಿಂದಳು.

ಹೊರಡುವಾಗ ಬಾಳವ್ವ ಉಡಿ ತುಂಬಿದಳು. ಅಕ್ಕಿ, ಕಾಯಿ, ಉತ್ತತ್ತಿ, ಒಂದು ತುಂಡು ಬೆಲ್ಲ. ಸೆರಗು ಬಿಗಿದು ಗಂಟು ಹಾಕಿದಳು. ಅಂಗಡಿ ದಾಟುವಾಗ ಗುರುಲಿಂಗಪ್ಪ ತಕ್ಕಡಿಯ ಬಳಿ ನಿಂತಿದ್ದ. ಕೈ ಪರಡಿಯ ಸರಪಳಿಯ ಮೇಲಿತ್ತು.

"ಉಡಿ ಸಮೇತ ಒಮ್ಮಿ ಕೂಡತೀ ಏನು?" ಅಂದ. "ಸುಮ್ಮನ. ಐದ ಪೆಂಟಿ ಎರಡ ಸೇರ ಬರಬಹುದು."

ಅಕ್ಕವ್ವ ನಿಂತಳು. ತಂದೆಯ ಕೈಯನ್ನು ಸರಪಳಿಯಿಂದ ಬಿಡಿಸಿ ಕಾಲಿಗೆ ನಮಸ್ಕರಿಸಿದಳು.

"ಅಲ್ಲೇ ಗಾಣದಾಗೂ ತಕ್ಕಡಿ ಐತಿ ಅಪ್ಪಾ. ಅಮಾಸಿಗೊಮ್ಮಿ ಬರೇ ಸೀರಿ ಮ್ಯಾಲ ಕೂಡತೇನಿ. ಎಷ್ಟಾತಂತ ಗಾಡಿಯವರ ಕೈಯಾಗ ಹೇಳಿ ಕಳಸ್ತೇನಿ. ಏರಿದ್ರ ಏರಿತು ಅಂತೇನಿ, ಇಳದ್ರ ಇಳೀತು ಅಂತೇನಿ. ನೀವ ರೊಟ್ಟಿ ಬಿಡಬ್ಯಾಡ್ರಿ."

ಸಾತಪ್ಪ ಗಾಡಿಯ ಬಳಿ ಕೈ ಚಾಚಿ ನಿಂತಿದ್ದ. ವೀರಪ್ಪ ಇನ್ನೊಂದು ಕಡೆ ಬಂದ. ಅವಳು ಇಬ್ಬರನ್ನೂ ಹಿಡಿಯಲಿಲ್ಲ. ಒಂದು ಕೈಯಿಂದ ಉಡಿ ಹಿಡಿದು, ಇನ್ನೊಂದನ್ನು ಗಾಡಿಯ ಗೂಟಕ್ಕೆ ಕೊಟ್ಟು, ಗಾಲಿಯ ಮೇಲೆ ಕಾಲಿಟ್ಟು ಹತ್ತಿದಳು.